ಹನ್ನೊಂದು ಮಿಲಿಸೆಕೆಂಡಿನ ಚರಿತ್ರೆ: ಲಿಂಕ್ ಪೆಟ್ಟಿಗೆಯಿಂದ ವಿಆರ್ ಹೆಡ್‌ಸೆಟ್‌ವರೆಗೆ

ಇದು ಈ ವಾರದ ಮಾತುಕತೆಯ ಬರಹರೂಪ. ವಿಡಿಯೋದಲ್ಲಿ ಅವಸರದಲ್ಲಿ ಹೇಳಿ ಮುಗಿಸಿದ್ದನ್ನ ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಆಫೀಸ್ ಕ್ಯಾಬಲ್ಲೋ ಮೆಟ್ರೋದಲ್ಲೋ ಕೂತು ಓದೋರಿಗೆ ಅನುಕೂಲ ಆಗಲಿ ಅಂತ.

ನಾನು ನೋಯ್ಡಾದಲ್ಲಿ ಕೆಲಸ ಮಾಡೋನು ಅಂತ ನಿಮಗೆ ಗೊತ್ತು. ಇಲ್ಲಿನ ಕನ್ನಡದ ಗೆಳೆಯರು ಸೇರಿದಾಗ ಈಗೀಗ ಒಂದೇ ದೂರು: "ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದೀನಿ, ಹೆಡ್‌ಸೆಟ್ ಇದೆ, ಆದ್ರೂ ಫ್ಲೈಟ್ ಸಿಮ್ಯುಲೇಟರಲ್ಲಿ ಹತ್ತು ನಿಮಿಷಕ್ಕೆ ತಲೆ ತಿರುಗುತ್ತೆ. ಯಾವ ಸೆಟ್ಟಿಂಗ್ ಎಷ್ಟಿಡಬೇಕು ಹೇಳಪ್ಪ."

ಒಂದು ಪಟ್ಟಿ ಕೊಟ್ಟು ಕೈ ತೊಳ್ಕೊಬಹುದು. ಆದರೆ ಮುಂದಿನ ಅಪ್‌ಡೇಟ್ ಬಂದ ದಿನ ಆ ಪಟ್ಟಿ ಹಳತಾಗುತ್ತೆ. ಹಳತಾಗದೇ ಇರೋದು ಆ ಸಂಖ್ಯೆಗಳ ಹಿಂದಿರುವ ಕಾರಣ. ಸಿಮ್ಯುಲೇಟರ್ ಕಟ್ಟಿದವರು ತೊಂಬತ್ತು ವರ್ಷಗಳಿಂದ ಬಿಡದೆ ಗುದ್ದಾಡಿದ್ದು ಚಿತ್ರದ ಅಂದಕ್ಕಿಂತ ಹೆಚ್ಚಾಗಿ ವಿಳಂಬದ ಜೊತೆ. ಇದು ಅರ್ಥವಾದರೆ ಸೆಟ್ಟಿಂಗ್ ನೀವೇ ಮಾಡ್ಕೊಬಹುದು.

ಚಿತ್ರವೇ ಇಲ್ಲದ ಸಿಮ್ಯುಲೇಟರ್

1929. ಆ ವರ್ಷ ದೆಹಲಿಯಲ್ಲಿ ವಿಲ್ಲಿಂಗ್ಡನ್ ಏರ್‌ಫೀಲ್ಡ್ ಶುರುವಾಯಿತು, ಅಂದ್ರೆ ಇವತ್ತಿನ ಸಫ್ದರ್‌ಜಂಗ್ ವಿಮಾನ ನಿಲ್ದಾಣ. ಅದೇ ವರ್ಷ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್ ಊರಿನ ಎಡ್ವಿನ್ ಲಿಂಕ್ ಎಂಬಾತ ಒಂದು ಮರದ ವಿಮಾನ ಮಾಡಿದ. ಅವನ ಮನೆಯವರದ್ದು ಆರ್ಗನ್ ಮತ್ತು ಪಿಯಾನೋ ತಯಾರಿಸುವ ಕಾರ್ಖಾನೆ. ನಮ್ಮ ಹಾರ್ಮೋನಿಯಂನಲ್ಲಿ ಗಾಳಿ ಒತ್ತೋ ತಿದಿ ಇದೆಯಲ್ಲ, ಅಂಥ ತಿದಿಗಳನ್ನೇ ಮರದ ಪೆಟ್ಟಿಗೆಯ ಕೆಳಗೆ ಕೂರಿಸಿದ. ಕಡ್ಡಿ ಎಳೆದ ಕಡೆಗೆ ಪೆಟ್ಟಿಗೆ ವಾಲುತ್ತಿತ್ತು.

ಮೊದಮೊದಲು ಅದನ್ನ ಜನ ಜಾತ್ರೆ ಆಟಿಕೆ ಥರ ನೋಡಿದರು. 1934ರಲ್ಲಿ ಅಮೆರಿಕದ ಸೇನೆ ವಿಮಾನದಲ್ಲಿ ಟಪಾಲು ಸಾಗಿಸುವ ಕೆಲಸ ವಹಿಸಿಕೊಂಡಿತು. ಕೆಟ್ಟ ಹವೆ, ಬರೀ ಉಪಕರಣ ನೋಡಿ ಹಾರಿಸೋ ಅಭ್ಯಾಸ ಕಡಿಮೆ. ಕೆಲವೇ ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಆಮೇಲೆ ಸೇನೆ ಆರು ಲಿಂಕ್ ಯಂತ್ರಗಳನ್ನ ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಕಲಿತದ್ದು ಅದರಲ್ಲೇ.

ಗಮನಿಸಿ, ಆ ಪೆಟ್ಟಿಗೆಯ ಮುಚ್ಚಳ ಹಾಕಿದರೆ ಹೊರಗಿನ ದೃಶ್ಯ ಅಂತ ಏನೂ ಇರಲಿಲ್ಲ. ಒಂದು ಮೋಡವೂ ಇಲ್ಲ, ಮರವೂ ಇಲ್ಲ. ಕೈ ಮಾಡಿದ್ದಕ್ಕೆ ಮುಳ್ಳುಗಳು ಮತ್ತು ಮೈ ಒಟ್ಟಿಗೆ ಉತ್ತರ ಕೊಡುತ್ತಿದ್ದವು, ಅಷ್ಟೇ. ಅಷ್ಟರಿಂದಲೇ ಜೀವ ಉಳೀತು. ಮೋಡದ ಗುಣಮಟ್ಟವನ್ನ 'ಅಲ್ಟ್ರಾ'ಗೆ ಎಳೆಯೋ ಮೊದಲು ಇದನ್ನೊಮ್ಮೆ ನೆನಪಿಸಿಕೊಳ್ಳಿ.

ಅನುಭವಸ್ಥರಿಗೇ ಹೆಚ್ಚು ವಾಂತಿ

ಆಗುಂಬೆ ಘಾಟಿಯಲ್ಲಿ ಬಸ್ಸಿನ ಹಿಂದಿನ ಸೀಟಲ್ಲಿ ಪುಸ್ತಕ ಓದಿ, ಕೊನೆಗೆ ನಿಂಬೆಹಣ್ಣು ಮೂಸುತ್ತಾ ಕೂತವರಿಗೆ ಈ ಸಂಕಟ ಹೊಸದಲ್ಲ. ಅಲ್ಲಿ ಒಳಕಿವಿ 'ತಿರುಗ್ತಿದೀವಿ' ಅನ್ನುತ್ತೆ, ಕಣ್ಣು 'ಇಲ್ಲ, ಅಕ್ಷರ ನಿಂತಿದೆ' ಅನ್ನುತ್ತೆ. ಸಿಮ್ಯುಲೇಟರಲ್ಲಿ ಉಲ್ಟಾ: ಕಣ್ಣು ಹಾರುತ್ತಿರುತ್ತೆ, ಒಳಕಿವಿ ಕುರ್ಚಿಯಲ್ಲೇ ಇರುತ್ತೆ.

ಇದು ಮೊದಲು ದಾಖಲಾದದ್ದು 1957ರಲ್ಲಿ. ಅಮೆರಿಕದ ನೌಕಾಪಡೆಗಾಗಿ ಒಂದು ಹೆಲಿಕಾಪ್ಟರ್ ಸಿಮ್ಯುಲೇಟರನ್ನ ಹ್ಯಾವ್ರಾನ್ ಮತ್ತು ಬಟ್ಲರ್ ಎಂಬ ಇಬ್ಬರು ಪರೀಕ್ಷಿಸಿದರು. ಉತ್ತರ ಕೊಟ್ಟ 36 ಜನರಲ್ಲಿ 28 ಮಂದಿಗೆ ಹೊಟ್ಟೆ ತೊಳಸಿತ್ತು, ತಲೆ ಸುತ್ತಿತ್ತು. ಅಚ್ಚರಿ ಏನಂದ್ರೆ, ಹೊಸ ವಿದ್ಯಾರ್ಥಿಗಳಿಗಿಂತ ನಿಜವಾದ ಹೆಲಿಕಾಪ್ಟರ್ ಹಾರಿಸಿ ಪಳಗಿದ್ದ ಶಿಕ್ಷಕರಿಗೇ ಹೆಚ್ಚು ತೊಂದರೆ. ನಿಜ ಹೇಗಿರುತ್ತೆ ಅಂತ ಗೊತ್ತಿದ್ದ ದೇಹವೇ ಸುಳ್ಳನ್ನ ಬೇಗ ಹಿಡಿಯಿತು.

ಹಾಗಾಗಿ ತಲೆ ಸುತ್ತಿದರೆ 'ನಾನು ವೀಕು' ಅಂದ್ಕೊಬೇಡಿ. ನಿಮ್ಮ ಒಳಕಿವಿ ಸರಿಯಾಗಿ ಕೆಲಸ ಮಾಡ್ತಿದೆ.

ಗ್ರೇಟರ್ ನೋಯ್ಡಾದಲ್ಲಿ 150, ನಿಮ್ಮ ಮನೇಲಿ 20

1968ರಲ್ಲಿ ಐವನ್ ಸದರ್‌ಲ್ಯಾಂಡ್ ತಲೆಗೆ ಕಟ್ಟಿಕೊಳ್ಳುವ ಪ್ರದರ್ಶಕದ ಬಗ್ಗೆ ಪ್ರಬಂಧ ಬರೆದರು. ಸೂರಿನಿಂದ ಇಳಿಬಿಟ್ಟ ಲೋಹದ ತೋಳು ತಲೆಯ ಚಲನೆಯನ್ನ ಅಳೆಯುತ್ತಿತ್ತು. ಕಾಣ್ತಿದ್ದದ್ದು ಬರೀ ಗೆರೆಗಳ ಆಕೃತಿ. ಅದೇ ವರ್ಷ ಡೇವಿಡ್ ಇವಾನ್ಸ್ ಜೊತೆ ಸೇರಿ ಅವರು ಯೂಟಾದಲ್ಲಿ ಇವಾನ್ಸ್ ಅಂಡ್ ಸದರ್‌ಲ್ಯಾಂಡ್ ಕಂಪನಿ ಕಟ್ಟಿದರು. ಮುಂದೆ ಅದು ಪೈಲಟ್ ತರಬೇತಿಯ ದೊಡ್ಡ ಸಿಮ್ಯುಲೇಟರ್‌ಗಳಿಗೆ ದೃಶ್ಯ ತಯಾರಿಸಿಕೊಡುವುದರಲ್ಲಿ ಹೆಸರು ಮಾಡಿತು. ಒಬ್ಬನೇ ಮನುಷ್ಯನಿಂದ ಎರಡು ದಾರಿ: ಒಂದು ಪರದೆಯದ್ದು, ಇನ್ನೊಂದು ತಲೆಯದ್ದು.

ಪರದೆಯ ದಾರಿ ನಮ್ಮ ಎನ್‌ಸಿಆರ್‌ಗೂ ಬಂದಿದೆ. ಗ್ರೇಟರ್ ನೋಯ್ಡಾದಲ್ಲಿ ಕೆನಡಾದ ಸಿಎಇ ಮತ್ತು ಇಂಟರ್‌ಗ್ಲೋಬ್ ಸೇರಿ ನಡೆಸುವ ಕೇಂದ್ರ ಇದೆ. ಗುರುಗ್ರಾಮದಲ್ಲಿ ಎಫ್‌ಎಸ್‌ಟಿಸಿ ಇದೆ. ದೆಹಲಿಯ ಡಿಸೆಂಬರ್ ಮಂಜು ನಿಮಗೆ ಗೊತ್ತಲ್ಲ, ರನ್‌ವೇ ಮೇಲೆ ಐವತ್ತು ಮೀಟರ್ ಕಾಣುವಷ್ಟರಲ್ಲಿ ಇಳಿಸುವ ಕ್ಯಾಟ್-3ಬಿ ತರಬೇತಿ ನಡೆಯೋದು ಇಂಥ ಸಿಮ್ಯುಲೇಟರ್‌ಗಳಲ್ಲೇ.

ಅಂಥ ಮೇಲ್ದರ್ಜೆಯ ಸಿಮ್ಯುಲೇಟರ್‌ಗಳಿಗೆ ಬಹುಕಾಲ ಇದ್ದ ಅಂತರರಾಷ್ಟ್ರೀಯ ಮಿತಿ 150 ಮಿಲಿಸೆಕೆಂಡ್: ಪೈಲಟ್ ಕಡ್ಡಿ ಅಲುಗಿಸಿದ ಮೇಲೆ ದೃಶ್ಯ ಇಷ್ಟರೊಳಗೆ ಬದಲಾಗಬೇಕು. ಆದರೆ ವಿಆರ್‌ನಲ್ಲಿ ತಲೆ ತಿರುಗಿಸಿದ್ದಕ್ಕೂ ಚಿತ್ರ ಬದಲಾಗುವುದಕ್ಕೂ ನಡುವೆ 20 ಮಿಲಿಸೆಕೆಂಡ್ ದಾಟಬಾರದು ಅಂತ 2013ರಲ್ಲಿ ಜಾನ್ ಕಾರ್ಮ್ಯಾಕ್ ಬರೆದರು. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ 150, ನಮ್ಮ ಬೆಡ್‌ರೂಮಿನ ಆಟಕ್ಕೆ 20?

ಕಾರಣ ಸರಳ. ಅಲ್ಲಿ ಪರದೆ ನಿಂತ ಜಾಗದಲ್ಲೇ ಇರುತ್ತೆ. ಪೈಲಟ್ ಕತ್ತು ತಿರುಗಿಸಿದರೆ ಕಂಪ್ಯೂಟರ್ ಹೊಸದಾಗಿ ಏನೂ ಬರೆಯಬೇಕಿಲ್ಲ. ಹೆಡ್‌ಸೆಟ್‌ನಲ್ಲಿ ಮಾತ್ರ ನಿಮ್ಮ ಕತ್ತೂ ಒಂದು ಜಾಯ್‌ಸ್ಟಿಕ್. ಪ್ರತಿ ಸಣ್ಣ ಅಲುಗಾಟಕ್ಕೂ ಇಡೀ ಲೋಕವನ್ನ ಮತ್ತೆ ಬರೆಯಬೇಕು. 90 ಹರ್ಟ್ಸ್ ಅಂದ್ರೆ ಒಂದು ಫ್ರೇಮಿಗೆ ಸಿಗೋದು ಕೇವಲ 11.1 ಮಿಲಿಸೆಕೆಂಡ್. ಶೀರ್ಷಿಕೆಯ ಹನ್ನೊಂದು ಇದೇ.

ಬೆಂಗಳೂರಿನ ಪಾಠ

ಕಡ್ಡಿಯ ಕಡೆ ವಿಳಂಬವಾದರೂ ಅಪಾಯ ಚಿಕ್ಕದಲ್ಲ. 1977ರ ಅಕ್ಟೋಬರ್ 26ರಂದು ಎಂಟರ್‌ಪ್ರೈಸ್ ಶಟಲ್ ಇಳಿಯುವಾಗ ಮೂತಿ ಮೇಲೆ ಕೆಳಗೆ ತೂಗಿ, ನೆಲಕ್ಕೆ ತಾಗಿ ಪುಟಿಯಿತು. ನಿಯಂತ್ರಣ ವ್ಯವಸ್ಥೆಯ ವಿಳಂಬದಿಂದ ಪೈಲಟ್‌ನ ತಿದ್ದುಪಡಿಗಳೇ ತಡವಾಗಿ ತಲುಪಿ ತೂಗಾಟ ಹೆಚ್ಚಿಸಿದ್ದವು. ಇದ್ದವರು ಚಂದ್ರಯಾನದ ಅನುಭವಿ ಫ್ರೆಡ್ ಹೇಸ್.

ನಮ್ಮ ತೇಜಸ್ ಬೇಕಂತಲೇ ಅಸ್ಥಿರವಾಗಿ ವಿನ್ಯಾಸ ಮಾಡಿದ ವಿಮಾನ. ಕಂಪ್ಯೂಟರ್ ಕ್ಷಣಕ್ಷಣ ತಿದ್ದದಿದ್ದರೆ ಅದು ಹಾರೋದೇ ಇಲ್ಲ. ಅದಕ್ಕೇ ಅದರ ನಿಯಂತ್ರಣ ಸೂತ್ರಗಳನ್ನ ಬೆಂಗಳೂರಿನ ಎಡಿಇ ಸಂಸ್ಥೆಯ ಸಿಮ್ಯುಲೇಟರ್‌ನಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಠಿಯಾಲ್ ಎಚ್‌ಎಎಲ್ ರನ್‌ವೇಯಿಂದ ಅದನ್ನ ಮೊದಲ ಸಲ ಮೇಲೆತ್ತಿದರು. ಆ ಸಿಮ್ಯುಲೇಟರ್ ನಿಧಾನವಾಗಿದ್ದಿದ್ದರೆ ವಿಮಾನದ ಬಗ್ಗೆ ಸುಳ್ಳು ಹೇಳುತ್ತಿತ್ತು. ಸುಳ್ಳು ಹೇಳೋ ಸಿಮ್ಯುಲೇಟರ್ ಇಲ್ಲದಿರೋದೇ ವಾಸಿ.

ಈಗ ಸೆಟ್ಟಿಂಗ್ ತೆಗೆಯಿರಿ

ಮೊದಲು ಗುರಿ ಗೊತ್ತು ಮಾಡ್ಕೊಳ್ಳಿ. 90 ಹರ್ಟ್ಸ್ ತಡೆಯದ ಯಂತ್ರದಲ್ಲಿ 72ಕ್ಕೆ ಇಳಿಸಿ. ಪ್ರತಿ ಫ್ರೇಮಿಗೆ 13.9 ಮಿಲಿಸೆಕೆಂಡ್ ಸಿಗುತ್ತೆ. ಕುಂಟುವ 90ಕ್ಕಿಂತ ನೆಟ್ಟಗಿರುವ 72 ಎಷ್ಟೋ ಮೇಲು.

ಎರಡನೆಯದು, ತಡ ಎಲ್ಲಿ ಆಗ್ತಿದೆ ನೋಡಿ. ನಾವು ಆಫೀಸಲ್ಲಿ ದಿನಾ ಮಾಡೋದೂ ಇದನ್ನೇ ತಾನೆ? ಸಿಪಿಯು ಸೋತಿದ್ದರೆ ರೆಸಲ್ಯೂಶನ್ ಎಷ್ಟು ಇಳಿಸಿದರೂ ಉಪಯೋಗ ಇಲ್ಲ. ದೂರದ ನೆಲದ ವಿವರ ಮತ್ತು ವಿಮಾನ ದಟ್ಟಣೆ ಕಡಿಮೆ ಮಾಡಬೇಕು. ಜಿಪಿಯು ಸೋತಿದ್ದರೆ ರೆಂಡರ್ ಸ್ಕೇಲ್ ಇಳಿಸಿ. ಎರಡೂ ಬದಿಗೆ 0.8 ಅಂದ್ರೆ ಒಟ್ಟು ಪಿಕ್ಸೆಲ್ 0.64ಕ್ಕೆ ಬರುತ್ತೆ, ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಹೊರೆ ಇಳೀತು. ಆಮೇಲೆ ಮೋಡ, ನೆರಳು.

ಮೂರನೆಯದು ರಿಪ್ರೊಜೆಕ್ಷನ್. ಆಟ 45 ಫ್ರೇಮ್ ಬರೆದರೆ, ನಡುವಿನ ಚಿತ್ರಗಳನ್ನ ಸಾಫ್ಟ್‌ವೇರ್ ಊಹಿಸಿ ತುಂಬುತ್ತೆ. ತಲೆ ತಿರುಗಿಸುವಾಗ ಹಾಯಾಗಿರುತ್ತೆ. ಆದರೆ ತಿರುಗುವ ಪ್ರೊಪೆಲ್ಲರ್ ಸುತ್ತ ಚಿತ್ರ ನೀರಿನ ಥರ ಅಲುಗಿದರೆ ಅದು ಈ ಊಹೆಯ ಕೆಲಸ ಅಂತ ತಿಳೀರಿ.

ನಾಲ್ಕನೆಯದು ಫೊವಿಯೇಟೆಡ್ ರೆಂಡರಿಂಗ್: ಕಣ್ಣು ನೆಟ್ಟ ಕಡೆ ಸ್ಪಷ್ಟ, ಅಂಚಿಗೆ ಮಸುಕು. ಇದು ಹೊಸದು ಅನ್ಕೊಂಡ್ರಾ? 1980ರ ದಶಕದಲ್ಲೇ ಅಮೆರಿಕದ ವಾಯುಪಡೆಗಾಗಿ ಸಿಎಇ ಮಾಡಿದ ಫೈಬರ್ ಆಪ್ಟಿಕ್ ಹೆಲ್ಮೆಟ್‌ನಲ್ಲಿ ಇದೇ ಉಪಾಯ ಇತ್ತು. ಗ್ರೇಟರ್ ನೋಯ್ಡಾದಲ್ಲಿ ಬೋರ್ಡ್ ಹಾಕಿಕೊಂಡಿರೋ ಅದೇ ಸಿಎಇ.

ಆಟಕ್ಕೆ ಇಷ್ಟೆಲ್ಲಾ ಯಾಕೆ?

2021ರ ಏಪ್ರಿಲ್‌ನಲ್ಲಿ ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ ಮೊದಲ ಬಾರಿಗೆ ಒಂದು ವಿಆರ್ ತರಬೇತಿ ಯಂತ್ರಕ್ಕೆ ಮಾನ್ಯತೆ ಕೊಟ್ಟಿತು. ಸ್ವಿಟ್ಜರ್ಲೆಂಡಿನ ವಿಆರ್‌ಎಂ ಕಂಪನಿಯ, ರಾಬಿನ್ಸನ್ ಆರ್22 ಹೆಲಿಕಾಪ್ಟರಿನ ಯಂತ್ರ. 1968ರಲ್ಲಿ ಬೇರೆಯಾದ ಎರಡು ದಾರಿ ಅಲ್ಲಿ ಮತ್ತೆ ಕೂಡಿದವು. ಇನ್ನು ಮುಂದೆ ಹೆಡ್‌ಸೆಟ್ ಕಲಿಸಿದ್ದು ನಿಜವಾದ ಕಾಕ್‌ಪಿಟ್‌ಗೆ ಹೋಗುತ್ತೆ.

ನಮ್ಮಲ್ಲಿ ಊರಿಗೆ ಹೋಗೋಕೆ ಬಜ್ಪೆಯಲ್ಲಿ ಇಳಿಯೋರು ಎಷ್ಟು ಜನ! 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಅಲ್ಲಿನ ಸುಮಾರು 8,000 ಅಡಿ ರನ್‌ವೇಯಲ್ಲಿ 5,200 ಅಡಿಯಷ್ಟು ದಾಟಿದ ಮೇಲೆ ನೆಲ ಮುಟ್ಟಿತು. 158 ಜನ ಹೋದರು. ಆ ದುರಂತಕ್ಕೂ ಸಿಮ್ಯುಲೇಟರಿಗೂ ನಾನು ಗಂಟು ಹಾಕ್ತಿಲ್ಲ. ಟೇಬಲ್‌ಟಾಪ್ ರನ್‌ವೇಯಲ್ಲಿ ಒಂದೊಂದು ಸೆಕೆಂಡಿನ ಬೆಲೆ ಎಷ್ಟು ಅನ್ನೋದಕ್ಕೆ ಹೇಳಿದೆ. ಚಪ್ಪಟೆ ಮಾನಿಟರ್‌ನಲ್ಲಿ ಕಾಣದ ಆ ಆಳ ಹೆಡ್‌ಸೆಟ್‌ನಲ್ಲಿ ಕಾಣುತ್ತೆ. ಆದರೆ ಇಳಿಯುವ ಹೊತ್ತಿಗೆ ಫ್ರೇಮ್ ತಡವರಿಸಿದರೆ, ಮೂತಿ ಎತ್ತುವ ಸಮಯವನ್ನ ಕೈ ತಪ್ಪಾಗಿ ಕಲಿಯುತ್ತೆ. ನಿಮ್ಮ ಮನೆಯಲ್ಲಿ ಪೈಲಟ್ ಆಗ್ಬೇಕು ಅನ್ನೋ ಮಗನೋ ಮಗಳೋ ಇದ್ದರೆ, ಈ ಮಾತು ಆಟದ ಮಾತಲ್ಲ.

ಆದ್ದರಿಂದ ಮೋಡ ಸ್ವಲ್ಪ ಮಂಕಾಗಿರಲಿ, ಮರಗಳು ಸ್ವಲ್ಪ ಕಡಿಮೆಯಾಗಲಿ. ಫ್ರೇಮ್ ಮಾತ್ರ ಹೊತ್ತಿಗೆ ಸರಿಯಾಗಿ ಬರಲಿ.

ಮುಂದಿನ ವಾರ ಇನ್ನೊಂದು ಚರಿತ್ರೆಯ ಜೊತೆ ಸಿಗೋಣ. ಅಲ್ಲೀವರೆಗೂ ಎಲ್ಲೇ ಇದ್ದರೂ ಚೆನ್ನಾಗಿರಿ.