ಹೆಚ್ಚು ಮೆಗಾಪಿಕ್ಸೆಲ್ ಇದ್ದರೆ ಫೋಟೊ ಚೆನ್ನಾಗಿ ಬರುತ್ತದೆಯೇ?

‘108 ಮೆಗಾಪಿಕ್ಸೆಲ್ ಮೊಬೈಲ್ ಇರುವಾಗ 24ರ ಡಿಎಸ್‌ಎಲ್‌ಆರ್ ಯಾಕೆ?’ ಈ ಪ್ರಶ್ನೆ ನಮಗೂ ಬರುತ್ತಿರುತ್ತದೆ.

ಮೆಗಾಪಿಕ್ಸೆಲ್ ಎಂದರೆ ಚುಕ್ಕೆಗಳ ಲೆಕ್ಕ ಅಷ್ಟೇ. ಕತ್ತಲಲ್ಲಿ ಮುಖ್ಯವಾಗುವುದು ಸೆನ್ಸರ್ ಅಳತೆ. ಕ್ಯಾನನ್ 1500ಡಿ ಸೆನ್ಸರ್ 22.3×14.9 ಮಿ.ಮೀ.; 108ರ ಮೊಬೈಲಿನದು ದೊಡ್ಡದೆಂದರೂ ಅದರ ಐದನೇ ಒಂದು ಭಾಗ.

ಆಳಂದ, ಜೇವರ್ಗಿಯ ತೊಗರಿ ಹೊಲಗಳನ್ನು ಹಗಲಲ್ಲಿ ತೆಗೆಯಲು ಮೊಬೈಲೇ ಸಾಕು. ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಸಂಜೆ ಪಲ್ಲಕ್ಕಿಗೆ ಡಿಎಸ್‌ಎಲ್‌ಆರ್ ಬೇಕೆನಿಸುತ್ತದೆ. ಆದರೆ ಜೊತೆಗೆ ಬರುವ 18–55 ಕಿಟ್ ಲೆನ್ಸ್ ಪೂರ್ತಿ ಜೂಮ್ ಮಾಡಿದರೆ ಎಫ್/5.6ಕ್ಕೆ ಇಳಿಯುತ್ತದೆ, ದೊಡ್ಡ ಸೆನ್ಸರ್‌ನ ಲಾಭ ಅಲ್ಲೇ ಕರಗುತ್ತದೆ. ಹಾಗಾಗಿ ನಮ್ಮ ಸಲಹೆ: ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಕೊಳ್ಳಿ, ಉಳಿದ ದುಡ್ಡಿಗೆ 50 ಎಂಎಂ ಎಫ್/1.8 ಲೆನ್ಸ್ ತನ್ನಿ.

ನಿಕಾನ್ ಡಿ3500 ಆದರೆ ‘ಎಎಫ್-ಎಸ್’ ಲೆನ್ಸನ್ನೇ ಕೇಳಿ. ಹಳೆಯ ‘ಎಎಫ್-ಡಿ’ ಅಗ್ಗ ನಿಜ, ಆದರೆ ಈ ಕ್ಯಾಮೆರಾದೊಳಗೆ ಫೋಕಸ್ ಮೋಟಾರ್ ಇಲ್ಲ. ಪ್ರತಿ ಸಲವೂ ಕೈಯಿಂದಲೇ ತಿರುಗಿಸಬೇಕು.