ಇಕ್ಕೇರಿಯ ಬೀದಿಯಲ್ಲಿ ಒಂದು ಮನೆ

ಸಾಗರದಿಂದ ಕೆಲವೇ ಕಿಲೋಮೀಟರ್ ದೂರದ ಇಕ್ಕೇರಿಗೆ ಹೋದವರು ಅಘೋರೇಶ್ವರ ದೇವಾಲಯ ನೋಡಿ, ಕೆಳದಿ ಅರಸರನ್ನು ನೆನೆದು ಮರಳುತ್ತೇವೆ. ರಾಜಧಾನಿಯಾಗಿದ್ದ ಈ ಊರಿನ ಬೀದಿಗಳಲ್ಲಿ ಯಾರು ಬಾಳಿದ್ದರು ಎಂದು ನಾವು ಕೇಳುವುದಿಲ್ಲ.

ಕೇಳಿದವನು ಪರದೇಶಿ. 1623ರ ನವೆಂಬರ್‌ನಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ಇಲ್ಲಿಗೆ ಬಂದ. ಆಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಊರಿಗೆ ಮೂರು ಸುತ್ತು ಕಾವಲು; ಅವುಗಳಲ್ಲಿ ಎರಡು ಒತ್ತಾಗಿ ಬೆಳೆಸಿದ ಬಿದಿರಿನವು. ಮರಗಳ ನೆರಳಿನ ಅಗಲವಾದ ಬೀದಿಗಳು. ರಾತ್ರಿ ಹೆಣ್ಣುಮಕ್ಕಳು ಬಣ್ಣದ ಕೋಲು ಹಿಡಿದು ಕುಣಿಯುವುದನ್ನೂ ಆತ ಕಂಡು ಬರೆದಿಟ್ಟ.

ಒಂದು ರಾತ್ರಿ ಬೀದಿಯಲ್ಲಿ ಕುದುರೆಯ ಮೇಲೆ ಒಬ್ಬ ಹೆಂಗಸು ಬಂದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಗಂಡನ ಸಾವಿನ ನಂತರ ಸಹಗಮನಕ್ಕೆ ನಿಂತವಳು ಎಂದು ಜನ ಹೇಳಿದರು. ಆತ ಅವಳ ಮನೆಯನ್ನೇ ಹುಡುಕಿಕೊಂಡು ಹೋದ.

ಅದು ಶ್ರೀಮಂತರ ಮನೆಯಲ್ಲ, ವಾದ್ಯ ಬಾರಿಸುವವನ ಮನೆ. ಬಿಳಿ ಸೀರೆ, ಒಡವೆ, ತಲೆಗೆ ಹೂವು ಧರಿಸಿ ಮದುವಣಗಿತ್ತಿಯಂತೆ ಅವಳು ಅಂಗಳದಲ್ಲಿದ್ದಳು. ದುಭಾಷಿಯ ಮೂಲಕ ಮಾತು ನಡೆಯಿತು. ವಯಸ್ಸು ಸುಮಾರು ಮೂವತ್ತು. ತೆಲುಗು ಮೂಲದವಳು. ಗಂಡ ಸತ್ತು ಹತ್ತೊಂಬತ್ತು ದಿನಗಳಾಗಿದ್ದವು. ಇಬ್ಬರು ಹಿರಿಯ ಸವತಿಯರು ಮಕ್ಕಳ ನೆವ ಹೇಳಿ ಹಿಂದೆ ಸರಿದಿದ್ದರು. ಅವಳಿಗೂ ಆರೇಳು ವರ್ಷದ ಮಗನಿದ್ದ, ಪುಟ್ಟ ಮಗಳಿದ್ದಳು. ನನ್ನನ್ನು ಯಾರೂ ಬಲವಂತ ಮಾಡಿಲ್ಲ ಎಂದಳು. ದೊಡ್ಡ ಮನೆತನಗಳಲ್ಲಿ ಪ್ರಾಯದ ವಿಧವೆಯರನ್ನು ಬಂಧುಗಳು ಒತ್ತಾಯಿಸುವುದುಂಟು ಎಂಬ ಮಾತೂ ಅಲ್ಲಿ ಬಂತು. ಬೇಡವೆಂದು ಆತ ಎಷ್ಟು ಹೇಳಿದರೂ ಅವಳ ಮನಸ್ಸು ಬದಲಾಗಲಿಲ್ಲ.

ಇಚ್ಛೆ ಎಂಬ ಮಾತನ್ನು ನಾವು ಎಷ್ಟರ ಮಟ್ಟಿಗೆ ನಂಬಬೇಕು? ನಗಾರಿ, ಹೂವು, ಊರಿನ ಮೆಚ್ಚುಗೆ ಸುತ್ತುವರಿದಿರುವಾಗ ಒಲ್ಲೆ ಎನ್ನಲು ಎಷ್ಟು ಧೈರ್ಯ ಬೇಕು! ಆ ಸವತಿಯರಿಗೆ ಆ ಧೈರ್ಯವಿತ್ತು. ಅವರ ಹೆಸರುಗಳು ಮಾತ್ರ ನಮಗೆ ಉಳಿದಿಲ್ಲ. ಹೆಣ್ಣಿನ ತ್ಯಾಗವನ್ನು ಹೊಗಳಿ ಅವಳ ಬದುಕನ್ನು ಮರೆಯುವ ಚಾಳಿ ಯಾವುದೋ ಒಂದು ಮತದವರದ್ದಲ್ಲ, ನಮ್ಮೆಲ್ಲರ ಮನೆಗಳಲ್ಲೂ ಇದೆ.

1637ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಸೈನ್ಯ ಇಕ್ಕೇರಿಯನ್ನು ಸೂರೆ ಮಾಡಿತು. ರಾಜಧಾನಿ ಇಂದಿನ ಹೊಸನಗರ ತಾಲೂಕಿನ ಬಿದನೂರಿಗೆ ಹೋಯಿತು. ಅರಮನೆಯೂ ಅಳಿಯಿತು, ವಾದ್ಯದವನ ಮನೆಯೂ ಅಳಿಯಿತು.

ನಮ್ಮ ಸೀಮೆಯಲ್ಲಿ ಮಾಸ್ತಿಕಲ್ಲುಗಳಿವೆ. ಎತ್ತಿದ ತೋಳು, ಬಳೆ, ಬೆರಳ ನಡುವೆ ಅದೇ ನಿಂಬೆಹಣ್ಣು. ಎಷ್ಟೋ ಕಲ್ಲುಗಳ ಮೇಲೆ ಹೆಸರಿಲ್ಲ. ಈ ಹೆಂಗಸಿನ ಹೆಸರು ಮಾತ್ರ ಇಟಾಲಿಯನ್ ಪುಸ್ತಕದಲ್ಲಿ 'ಜ್ಯಾಕ್ಕಮಾ' ಎಂದು ಉಳಿದಿದೆ. ಬಹುಶಃ ಜಕ್ಕಮ್ಮ. ಯಾರೋ ಒಬ್ಬ ಬಾಗಿಲಿಗೆ ಹೋಗಿ ಹೆಸರೇನಮ್ಮಾ ಎಂದು ಕೇಳಿದ, ಅಷ್ಟೇ. ನಾವು ವಾಸಿಸುವ ಬೀದಿಯಲ್ಲೂ ನಮ್ಮ ಕೇಳುವಿಕೆಗಾಗಿ ಕಾದಿರುವ ಬಾಗಿಲುಗಳಿವೆ.