ಪನ್ನೀರು ಗುಲಾಬಿಯ ಪೂರ್ವೋತ್ತರ

ಹಂಪಿಗೆ ಹೋದವರು ಕಲ್ಲಿನ ರಥ ಎಲ್ಲಿ ಎನ್ನುತ್ತಾರೆ, ಸಂಗೀತದ ಕಂಬ ಎಲ್ಲಿ ಎನ್ನುತ್ತಾರೆ. ಹೂವಿನ ಅಂಗಡಿಗಳು ಎಲ್ಲಿದ್ದವು ಎಂದು ಗೈಡನ್ನು ಕೇಳಿದವರನ್ನು ನಾನಂತೂ ಕಂಡಿಲ್ಲ. ಕೇಳಬೇಕಾದ ಪ್ರಶ್ನೆ ಅದು. 1443ರಲ್ಲಿ, ಪ್ರೌಢದೇವರಾಯ ಆಳುತ್ತಿದ್ದಾಗ, ಹೆರಾತಿನ ಸುಲ್ತಾನ ಷಾರುಖ್ ಕಳಿಸಿದ ರಾಯಭಾರಿ ಅಬ್ದುರ್ ರಝಾಕ್ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು, ಘಟ್ಟ ಹತ್ತಿ, ವಿಜಯನಗರ ಸೇರಿದ. ಕೋಟೆ, ಆನೆ, ಮಹಾನವಮಿ ಎಲ್ಲವನ್ನೂ ಬರೆದಿಟ್ಟ. ಅದರ ನಡುವೆಯೇ ಇನ್ನೊಂದು ಮಾತನ್ನೂ ಬರೆದ: ಈ ಊರಲ್ಲಿ ಗುಲಾಬಿ ಮಾರದ ಜಾಗವಿಲ್ಲ, ಇಲ್ಲಿಯವರಿಗೆ ಊಟದಷ್ಟೇ ಗುಲಾಬಿಯೂ ಬೇಕು, ಅದಿಲ್ಲದೆ ಅವರು ಬದುಕಲಾರರು ಎಂದು. ಪರ್ಷಿಯನ್ ತೋಟಗಳ ಸೀಮೆಯಿಂದ ಬಂದವನು ನಮ್ಮ ಬಜಾರಿನ ಗುಲಾಬಿ ಕಂಡು ಬೆರಗಾದ ಎಂದರೆ ಆ ಬೆರಗಿಗೆ ಬೆಲೆ ಕೊಡಲೇಬೇಕು.

ಗುಲಾಬಿ ಎಂದರೆ ಮೊಘಲರು ತಂದದ್ದು, ಅದರ ಅತ್ತರು ನೂರ್‌ಜಹಾನ್ ಕಂಡುಹಿಡಿದದ್ದು ಎಂದು ಶಾಲೆಯಲ್ಲಿ ಕೇಳಿದ್ದನ್ನೇ ನಾವು ಹೇಳಿಕೊಂಡು ಬಂದಿದ್ದೇವೆ. ಅಬ್ದುರ್ ರಝಾಕ್ ಬಂದುಹೋದ 83 ವರ್ಷದ ಮೇಲೆ ಬಾಬರ್ ಪಾಣಿಪತ್ತಿಗೆ ಬಂದ. ಇನ್ನು ನೂರ್‌ಜಹಾನಳ ಕತೆ. ಜಹಾಂಗೀರ್ ತನ್ನ ಆತ್ಮಕತೆಯಲ್ಲಿ ಗುಲಾಬಿ ಅತ್ತರಿನ ಕೀರ್ತಿಯನ್ನು ಕೊಟ್ಟಿರುವುದು ಅವಳಿಗಲ್ಲ, ಅವಳ ತಾಯಿ ಅಸ್ಮತ್ ಬೇಗಮ್‌ಗೆ. ಆಕೆ ಪನ್ನೀರು ತೆಗೆಯುತ್ತಿದ್ದಾಗ, ಬಿಸಿ ಪನ್ನೀರನ್ನು ಸುರಿದ ತಟ್ಟೆಗಳ ಮೇಲೆ ಕೆನೆಯಂಥದ್ದೊಂದು ಕಟ್ಟಿತಂತೆ. ಅದನ್ನು ಸ್ವಲ್ಪಸ್ವಲ್ಪವೇ ಕೂಡಿಹಾಕಿದಳು. ಒಂದು ತೊಟ್ಟು ಅಂಗೈಗೆ ತಿಕ್ಕಿದರೆ ಇಡೀ ಸಭೆ ಘಮಘಮ ಎಂದಿತು. ಬಾದಶಹ ಮುತ್ತಿನ ಸರ ಕೊಟ್ಟ, ಸಲೀಮಾ ಸುಲ್ತಾನ್ ಬೇಗಮ್ ಅದಕ್ಕೆ ಜಹಾಂಗೀರನದೇ ಹೆಸರಿಟ್ಟಳು. ಒಲೆಯ ಮುಂದೆ ನಿಂತವಳು ಅಮ್ಮ, ಹೆಸರು ಮಾತ್ರ ಮಗಳಿಗೂ ಅಳಿಯನಿಗೂ! ಲಖನೌದ ಸಿಮ್ಯಾಪ್ ಸಂಸ್ಥೆಯವರು ಅತ್ತರಿಗೆಂದು ಬಿಡುಗಡೆ ಮಾಡಿದ ಡಮಾಸ್ಕ್ ಗುಲಾಬಿಯ ತಳಿಗೂ ನೂರ್‌ಜಹಾನ್ ಎಂದೇ ಹೆಸರು.

ಅದೇ ಕಾಲಕ್ಕೆ ನಮ್ಮ ವಿಜಯಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಗಾಗಿ ‘ಇತ್ರ್-ಎ-ನೌರಸ್ ಶಾಹಿ’ ಎಂಬ ಇಡೀ ಗ್ರಂಥವೇ ಸುಗಂಧ ತಯಾರಿಕೆಯ ಮೇಲೆ ರಚನೆಯಾಯಿತು. ಗೋಳಗುಮ್ಮಟದ ಪಿಸುಮಾತಿನ ಬಗ್ಗೆ ಪುಟಗಟ್ಟಲೆ ಬರೆಯುವ ನಾವು ಈ ಪುಸ್ತಕದ ಬಗ್ಗೆ ಒಂದು ಸಾಲನ್ನೂ ಮಕ್ಕಳಿಗೆ ಹೇಳುವುದಿಲ್ಲ.

ಬೆಂಗಳೂರಿಗೆ ಬರೋಣ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ವೆಲ್ಲೆಸ್ಲಿಯ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಅಳೆದು ಸುರಿದು ಬರೆದುಕೊಳ್ಳಲು ಬಂದ ಫ್ರಾನ್ಸಿಸ್ ಬುಕಾನನ್ ಲಾಲ್‌ಬಾಗ್ ನೋಡಿದ. ಚೌಕಾಕಾರದ ಪಾತಿಗಳು, ನಡುವೆ ಓಡಾಡುವ ದಾರಿ, ದಾರಿಯ ಎರಡೂ ಕಡೆ ಸೈಪ್ರಸ್ ಮರಗಳು. ಒಂದೊಂದು ಜಾತಿಗೆ ಒಂದೊಂದು ಪಾತಿ. ಒಂದರಲ್ಲಿ ಬರೀ ಗುಲಾಬಿ, ಇನ್ನೊಂದರಲ್ಲಿ ಬರೀ ದಾಳಿಂಬೆ. ಅಚ್ಚುಕಟ್ಟು ಸಾಲದು, ನೀರು ಸಾಲದು ಎಂದು ಗೊಣಗಿದ್ದಾನೆ. ನೀರಿನ ಮಾತು ಇಂದಿಗೂ ಸತ್ಯವೇ. ನನಗೆ ಮುಖ್ಯವಾಗಿ ಕಾಣುವುದು ಗುಲಾಬಿ ಮತ್ತು ದಾಳಿಂಬೆಯ ನೆರೆಹೊರೆ. ಸುಲ್ತಾನರ ತೋಟದಲ್ಲಿ ನೋಡುವ ಹೂವು, ತಿನ್ನುವ ಹಣ್ಣು ಎಂಬ ಬೇಲಿ ಇರಲಿಲ್ಲ. ಹಣ್ಣೂ ಸೊಪ್ಪೂ ಬೆಳೆದ ಸಾಲಿನಲ್ಲೇ ಗುಲಾಬಿಗೂ ಪಾತಿ ಇತ್ತು.

ನಮ್ಮ ಬಸವನಗುಡಿಯ ಮನೆಯ ಹಿತ್ತಲಲ್ಲಿ ನೀರಿನ ತೊಟ್ಟಿಯ ಪಕ್ಕ ಇರುವ ಗಿಡವನ್ನು ನಾವು ಪನ್ನೀರು ಗುಲಾಬಿ ಎನ್ನುತ್ತೇವೆ. ಆಳೆತ್ತರ, ಮೈತುಂಬ ಮುಳ್ಳು. ಹೂವು ಅಂಗೈಯಲ್ಲಿ ಅಡಗುವಷ್ಟೇ, ಗಾಢ ನಸುಗೆಂಪು, ಬಟ್ಟಲಿನ ಆಕಾರ, ಒತ್ತೊತ್ತಾಗಿ ತೆಳು ಎಸಳು. ಬೆಳಿಗ್ಗೆ ಅರಳಿದ್ದು ಸಂಜೆಗೆ ಜೋಲುತ್ತದೆ, ಮರುದಿನ ಮುಟ್ಟಿದರೆ ಉದುರುತ್ತದೆ. ಹೂದಾನಿಗೆ ಪ್ರಯೋಜನವಿಲ್ಲ. ವಾಸನೆ ಮಾತ್ರ ಅಡುಗೆಮನೆಯ ಕಿಟಕಿಯವರೆಗೆ ಬರುತ್ತದೆ. ನರ್ಸರಿಯವರ ಬಾಯಲ್ಲಿ ಇದು ಎಡ್ವರ್ಡ್.

ಈ ಎಡ್ವರ್ಡ್ ಯಾವ ದೊರೆಯೂ ಅಲ್ಲ. ಮಡಗಾಸ್ಕರಿನ ಪೂರ್ವಕ್ಕೆ ಹಿಂದೂ ಮಹಾಸಾಗರದಲ್ಲಿ ರಿಯೂನಿಯನ್ ಎಂಬ ದ್ವೀಪವಿದೆ, ಆಗಿನ ಹೆಸರು ಬೂರ್ಬೋನ್. ಅಲ್ಲಿಯ ಫ್ರೆಂಚ್ ರೈತರು ಹೊಲಕ್ಕೆ ಬೇಲಿಯಾಗಿ ಎರಡು ಗುಲಾಬಿಗಳನ್ನು ಬೆರೆಸಿ ನೆಡುತ್ತಿದ್ದರು. ಒಂದು ಚೀನಾದ ಗುಲಾಬಿ, ಇನ್ನೊಂದು ವರ್ಷದಲ್ಲಿ ಎರಡನೆಯ ಸಲವೂ ಹೂ ಬಿಡುವ ಡಮಾಸ್ಕ್. ದುಂಬಿಗಳು ತಮ್ಮ ಕೆಲಸ ಮಾಡಿದವು. ಸೇಂಟ್ ಬೆನ್ವಾ ಎಂಬಲ್ಲಿ ಎದುವಾರ್ ಪೆರಿಶೋನ್ ಎಂಬ ರೈತನ ಕಣ್ಣಿಗೆ, ಸಸಿಗಳ ನಡುವೆ ಎರಡನ್ನೂ ಹೋಲದ ಒಂದು ಗಿಡ ಬಿತ್ತು ಎನ್ನುವುದು ಪ್ರಚಲಿತ ಕತೆ. ‘ರೋಸ್ ಎದುವಾರ್’ ನಮ್ಮಲ್ಲಿ ಎಡ್ವರ್ಡ್ ಆಯಿತು. ದ್ವೀಪದ ಸಸ್ಯಶಾಸ್ತ್ರಜ್ಞ ಬ್ರೆಯೋನ್ 1819ರಲ್ಲಿ ಅದರ ಬೀಜವನ್ನು ಪ್ಯಾರಿಸ್‌ಗೆ, ಓರ್ಲಿಯನ್ಸ್ ಡ್ಯೂಕನ ತೋಟಗಾರ ಝಾಕ್ ಕೈಗೆ ಕಳಿಸಿದ. ಅಲ್ಲಿಂದ ಬೂರ್ಬೋನ್ ಗುಲಾಬಿಗಳ ವಂಶ ಬೆಳೆದು, 1867ರ ‘ಲಾ ಫ್ರಾನ್ಸ್’ನಿಂದ ಲೆಕ್ಕಕ್ಕೆ ಬರುವ ಹೈಬ್ರಿಡ್ ಟೀ ಜಾತಿಗೂ ರಕ್ತ ಕೊಟ್ಟಿತು. ಹೂವಿನಂಗಡಿಯ ಉದ್ದ ದೇಟಿನ ಗುಲಾಬಿಗೆ ನಮ್ಮ ಹಿತ್ತಲ ಗಿಡ ಮುತ್ತಜ್ಜಿಯ ಕಡೆಯ ನಂಟು.

ಇತ್ತ ಎಡ್ವರ್ಡಿನ ಹೆತ್ತವರಲ್ಲಿ ಒಂದಾದ ಡಮಾಸ್ಕ್ ಕೂಡ ಬೆರಕೆಯೇ. ಅದರ ಹಿಂದೆ ಗ್ಯಾಲಿಕಾ, ಮಸ್ಕ್, ಮಧ್ಯ ಏಷ್ಯಾದ ಫೆಡ್‌ಚೆಂಕೊ ಎಂಬ ಮೂರು ಗುಲಾಬಿಗಳಿವೆ ಎಂದು ಜಪಾನಿನ ವಿಜ್ಞಾನಿಗಳು 2000ದಲ್ಲಿ ಡಿಎನ್‌ಎ ನೋಡಿ ಹೇಳಿದರು. ಕನ್ನೌಜ್, ಪುಷ್ಕರದ ಹೊಲಗಳಲ್ಲಿ ಈ ಡಮಾಸ್ಕ್ ಚಳಿ ಮುಗಿದ ಮೇಲೆ ಕೆಲವೇ ವಾರ ಭರ್ತಿ ಬಿಡುತ್ತದೆ. ಕನ್ನೌಜಿನವರು ಬೆಳಗಾಗುವ ಮುಂಚೆ ಕೊಯ್ದು, ತಾಮ್ರದ ಹಂಡೆಯಲ್ಲಿ ಬೇಯಿಸಿ, ಬಿದಿರಿನ ಕೊಳವೆಯಿಂದ ಆವಿಯನ್ನು ಗಂಧದೆಣ್ಣೆಗೆ ಇಳಿಸುತ್ತಾರೆ. ಶ್ರೀಗಂಧವೆಂದರೆ ನಮ್ಮ ಸೀಮೆಯ ಹೆಮ್ಮೆಯಷ್ಟೆ. ಅದರೊಳಗೆ ಅವರ ಗುಲಾಬಿ ಕೂತರೇ ಅತ್ತರು. ನಮ್ಮ ಬೆಂಗಳೂರಿನ ಹವೆಗೆ ಡಮಾಸ್ಕಿಗಿಂತ ಎಡ್ವರ್ಡೇ ಸರಿ. ಚೀನಾದ ಅಂಶ ಇರುವುದರಿಂದ ವರ್ಷವಿಡೀ ಅಷ್ಟಿಷ್ಟು ಬಿಡುತ್ತಲೇ ಇರುತ್ತದೆ.

ನಮ್ಮತ್ತೆ ಈ ಚರಿತ್ರೆಯನ್ನೆಲ್ಲ ಕೇಳಿದ್ದರೆ ‘ಸರಿ, ಹೂ ಬಿಡಿಸು’ ಎನ್ನುತ್ತಿದ್ದರು. ಗುಲ್ಕನ್ ಮಾಡುವುದರಲ್ಲಿ ಅವರದು ಹೈಕೋರ್ಟು. ಬಿಸಿಲು ಏರುವ ಮುಂಚೆ ಕೊಯ್ಯಬೇಕು, ಆದರೆ ಇಬ್ಬನಿ ಆರಿರಬೇಕು. ಎಸಳಿನ ಬುಡದ ಬಿಳಿ ತುದಿ ಕಹಿ, ಅದನ್ನು ಉಗುರಲ್ಲಿ ಚಿವುಟಬೇಕು. ಒಂದು ಬುಟ್ಟಿ ಹೂವಿಗೆ ಕೂತರೆ ಹೆಬ್ಬೆರಳು ಕಪ್ಪಾಗುತ್ತದೆ. ಬಟ್ಟೆಯ ಮೇಲೆ ನೆರಳಲ್ಲಿ ಹರವಿ ಒಳಗಿರುವ ಇರುವೆಗಳು ಓಡಿಹೋಗಲು ಸಮಯ ಕೊಡಬೇಕು. ಆಮೇಲೆ ಭರಣಿಯಲ್ಲಿ ಒಂದು ಪದರ ಎಸಳು, ಒಂದು ಪದರ ಕುಟ್ಟಿದ ಕಲ್ಲುಸಕ್ಕರೆ. ತೂಕಕ್ಕೆ ತೂಕ ಹಾಕುವವರು ಜಿಪುಣರು, ಒಂದೂವರೆಪಟ್ಟು ಹಾಕಬೇಕು ಎನ್ನುವುದು ಅವರ ತೀರ್ಪು. ಬಾಯಿಗೆ ಬಟ್ಟೆ ಕಟ್ಟಿ ಹಗಲು ತಾರಸಿಯ ಬಿಸಿಲಿಗೆ, ಸಂಜೆ ಒಳಗೆ. ಒಣ ಮರದ ಸೌಟಿನಲ್ಲಿ ಮಗುಚುತ್ತಿದ್ದರೆ ಕೆಂಪು ಕರಗಿ ಕಂದಾಗುತ್ತದೆ, ಎಸಳು ಪಾಕದಲ್ಲಿ ಮೆತ್ತಗಾಗುತ್ತದೆ. ಹೆಚ್ಚುಕಡಿಮೆ ಒಂದು ತಿಂಗಳ ಬಿಸಿಲು ಬೇಕು. ಒಲೆಯ ಮೇಲೆ ಕುದಿಸಿ ಒಂದೇ ಗಂಟೆಯಲ್ಲಿ ಮುಗಿಸಿದ್ದನ್ನು ಅವರು ಗುಲ್ಕನ್ ಎಂದು ಒಪ್ಪುತ್ತಿರಲಿಲ್ಲ. ನಾನೂ ಒಪ್ಪುವುದಿಲ್ಲ.

ಯುನಾನಿ ಹಕೀಮರ ಔಷಧದ ಜಾಡಿಯಿಂದ ಹೊರಟ ಈ ಗುಲ್ಕನ್ ಬೀಡಾಕ್ಕೆ ಹೊಕ್ಕಿತು, ಬಾಳೆಹಣ್ಣಿನ ರಸಾಯನಕ್ಕೆ ಹೊಕ್ಕಿತು, ವಿ.ವಿ. ಪುರದ ತಿಂಡಿ ಬೀದಿಯಲ್ಲಿ ಬೆಣ್ಣೆಯ ಜೊತೆ ಎಲೆಯ ಮೇಲೆ ಬಂದು ಕೂತಿತು. ಪನ್ನೀರಿನ ಅವಸ್ಥೆ ಅಷ್ಟು ಚೆನ್ನಾಗಿಲ್ಲ. ಮದುವೆಮನೆಯ ಬಾಗಿಲಲ್ಲಿ ಬೆಳ್ಳಿಯ ಪನ್ನೀರುದಾನಿ ಹಿಡಿದ ಹುಡುಗಿಯರು ಈಗಲೂ ನಿಂತಿರುತ್ತಾರೆ, ಆದರೆ ಹಲವು ಸಲ ಅದರೊಳಗೆ ಇರುವುದು ನೀರಿಗೆ ಬೆರೆಸಿದ ಎಸೆನ್ಸ್. ಮೂಗಿಗೆ ಹೊಡೆಯುತ್ತದೆ, ರೇಷ್ಮೆ ಸೀರೆಗೆ ಕಲೆ ಬೀಳುತ್ತದೆ.

ಅಂಗಡಿಯ ಗುಲಾಬಿಗೆ ವಾಸನೆ ಯಾಕಿಲ್ಲ ಎಂಬುದಕ್ಕೂ ಚರಿತ್ರೆಯಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸೂರಿನ ಪಾಲಿಹೌಸುಗಳಲ್ಲಿ ಬೆಳೆಯುವ ಹೂವು ಕೊಯ್ದ ಮೇಲೆ ವಿಮಾನ ಹತ್ತಬೇಕು, ದಿನಗಟ್ಟಲೆ ಬಾಡದೆ ನಿಲ್ಲಬೇಕು, ದೇಟು ನೆಟ್ಟಗಿರಬೇಕು. ಅದಕ್ಕೆಂದು ತಳಿ ಆರಿಸುತ್ತಾ ಹೋದಂತೆ ವಾಸನೆಯನ್ನು ಕೇಳುವವರು ಯಾರೂ ಉಳಿಯಲಿಲ್ಲ. 2015ರಲ್ಲಿ ಫ್ರಾನ್ಸಿನ ಸಂಶೋಧಕರು ಘಮಘಮಿಸುವ ‘ಪಾಪಾ ಮೇಯಾಂ’ ಮತ್ತು ವಾಸನೆಯಿಲ್ಲದ ‘ರೂಜ್ ಮೇಯಾಂ’ ತಳಿಗಳನ್ನು ಹೋಲಿಸಿ, ಜೆರಾನಿಯಾಲ್ ಎಂಬ ಪರಿಮಳವನ್ನು ಎಸಳಿನಲ್ಲಿ ತಯಾರಿಸುವುದಕ್ಕೆ ಬೇಕಾದ ಒಂದು ಕಿಣ್ವವನ್ನು ಗುರುತಿಸಿದರು. ವಾಸನೆಯಿಲ್ಲದ ಹೂವಿನಲ್ಲಿ ಆ ಕಿಣ್ವದ ಜೀನು ಹೆಚ್ಚುಕಡಿಮೆ ನಿದ್ದೆಯಲ್ಲಿತ್ತು. ವಾಸನೆ ಹೋದದ್ದು ಒಂದು ನಷ್ಟವಾದರೆ ಔಷಧಿ ಇನ್ನೊಂದು. ನುಸಿಗೆ, ಬೂದಿ ರೋಗಕ್ಕೆ ಸಿಂಪಡಿಸುವಾಗ ಇದನ್ನು ಯಾರಾದರೂ ತಿಂದಾರು ಎಂಬ ಲೆಕ್ಕ ಯಾರಿಗೂ ಇರುವುದಿಲ್ಲ, ಯಾಕೆಂದರೆ ಅದು ತಿನ್ನಲು ಬೆಳೆದದ್ದೇ ಅಲ್ಲ.

ತಮಾಷೆಯೆಂದರೆ ಎಡ್ವರ್ಡ್ ಬಹಳ ಮನೆಗಳಲ್ಲಿ ಈಗಾಗಲೇ ಇರಬಹುದು, ಅಡಿಯಾಳಾಗಿ. ಬೇರು ಗಟ್ಟಿ, ಕಡ್ಡಿ ಚುಚ್ಚಿದರೆ ಚಿಗುರುತ್ತದೆ ಎಂದು ಕಸಿ ಕಟ್ಟುವವರು ಅದರ ಮೇಲೆ ಬೇರೆ ತಳಿ ಕೂರಿಸುತ್ತಾರೆ. ಮೇಲಿನದು ಸತ್ತು ಬುಡದಿಂದ ಎದ್ದ ಚಿಗುರಿನಲ್ಲಿ ಸಣ್ಣ ನಸುಗೆಂಪು ಹೂ ಬಿಟ್ಟರೆ ‘ಜಾತಿ ಕೆಟ್ಟಿತು’ ಎಂದು ಕಿತ್ತು ಎಸೆಯುತ್ತೇವೆ. ಎಸೆಯುವ ಮುಂಚೆ ಒಮ್ಮೆ ಮೂಸಿ ನೋಡಿ.

ಹೊಸದಾಗಿ ನೆಡುವವರು ಜೂನಿನ ಮಳೆ ಹಿಡಿದ ಮೇಲೆ ಪೆನ್ಸಿಲ್ ದಪ್ಪದ ಕಡ್ಡಿಯನ್ನು ಗೇಣುದ್ದ ಕತ್ತರಿಸಿ, ಅರ್ಧ ಮಣ್ಣಿನೊಳಗೆ ಹೋಗುವಂತೆ ಊರಿ. ಬೇರೂರಿದ ಮೇಲೆ ದಿನದಲ್ಲಿ ಐದಾರು ಗಂಟೆ ಬಿಸಿಲು ಬೀಳುವ ಕಡೆ ಇಡಿ. ಗೊಬ್ಬರಕ್ಕೆ ಹೊಂಗೆ ಹಿಂಡಿ ಸಾಕು. ಹೇನು ಕಂಡರೆ ಪೈಪಿನ ನೀರು ಜೋರಾಗಿ ಬಿಡಿ, ಅದಕ್ಕೂ ಬಗ್ಗದಿದ್ದರೆ ಬೇವಿನೆಣ್ಣೆ. ಅದನ್ನು ಹೊಡೆದ ವಾರ ಹೂ ಕೊಯ್ಯಬೇಡಿ. ಸಿಟಿ ಮಾರ್ಕೆಟ್ಟಿನ ಗುಲಾಬಿ ದೇವರಿಗೂ ಮುಡಿಗೂ ಇರಲಿ, ಭರಣಿಗೆ ಹಾಕಬೇಡಿ.